ಹುಬ್ಬಳ್ಳಿಯ ತಗಡಿನ ಥೇಟರು ಮತ್ತು ಒಬ್ಬ ಮೂಕಿ ನಟ

(ರೋಣದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ರೋಣದಲ್ಲಿ ನಿಂತು ಮೂಕಿ ಚಿತ್ರದ ನಟನೊಬ್ಬನ ಬಗ್ಗೆ ಮಾತಾಡುವುದಕ್ಕೆ ನನಗೆ ಮೊದಲು ಸ್ವಲ್ಪ ಅಳುಕಾಯಿತು. ನಮ್ಮದು ಕಂಠದ ಸೀಮೆ. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಅವರಿಗೆ ಪಾಠ ಹೇಳಿದ ಸವಾಯಿ ಗಂಧರ್ವರು ಕುಂದಗೋಳದವರು; ಮರಾಠಿ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಕಟ್ಟಿ ಹಾಡಿ ಹೆಸರಾದವರು. ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸ್ವರವನ್ನೇ ಕಣ್ಣು ಮಾಡಿಕೊಟ್ಟರು. ಅದೇ ಗದಗಿನಲ್ಲಿ ಗರುಡ ಸದಾಶಿವರಾಯರು ದತ್ತಾತ್ರೇಯ ನಾಟಕ ಮಂಡಳಿ ಕಟ್ಟಿ ಕನ್ನಡದ ಮಾತನ್ನು ರಂಗದ ಮೇಲೆ ಗುಡುಗಿಸಿದರು. ಇಲ್ಲಿ ಆಟ ಅಂದರೆ ಹಾಡು. ದೊಡ್ಡಾಟ, ಪಾರಿಜಾತ, ಸಣ್ಣಾಟ, ಯಾವುದನ್ನೇ ಹಿಡಿಯಿರಿ, ದನಿಯಿಲ್ಲದ ನಟನನ್ನು ನಮ್ಮ ಹಿರಿಯರು ನಟ ಅಂತ ಒಪ್ಪುತ್ತಿರಲಿಲ್ಲ.

ಇಂಥ ಸೀಮೆಯಲ್ಲಿ ಬೆಳೆದ ಒಬ್ಬ ಹುಡುಗ ದನಿಯಿಲ್ಲದ ಕಲೆಯನ್ನು ಕಲಿತ ಬಗೆಯನ್ನು ಇವತ್ತು ಹೇಳುತ್ತೇನೆ. ಹುಟ್ಟಿನಿಂದ ಅವನು ನಮ್ಮವನಲ್ಲ, ಕೊಲ್ಹಾಪುರದವನು. ಶಾಂತಾರಾಮ ರಾಜಾರಾಮ ವಣಕುದ್ರೆ, ಜನಿಸಿದ್ದು 1901ರ ನವೆಂಬರ್ 18ರಂದು. ಮುಂದೆ ಲೋಕ ಅವನನ್ನು ವಿ. ಶಾಂತಾರಾಮ್ ಎಂದು, ದೊಡ್ಡ ನಿರ್ದೇಶಕ ಎಂದು ಕರೆಯಿತು. ‘ದೋ ಆಂಖೇಂ ಬಾರಹ್ ಹಾಥ್’ ಹೆಸರು ಹೇಳಿದರೆ ಇಲ್ಲಿರುವ ಹಿರಿಯರಿಗೆಲ್ಲ ನೆನಪಾಗುತ್ತದೆ. ಆದರೆ ಆ ನಿರ್ದೇಶಕನ ಹಿಂದೆ ಹತ್ತು ವರ್ಷ ಬಣ್ಣ ಹಚ್ಚಿದ ಒಬ್ಬ ಮೂಕಿ ನಟ ಇದ್ದಾನೆ, ಆ ನಟನ ಹಿಂದೆ ಹುಬ್ಬಳ್ಳಿಯ ಒಂದು ತಗಡಿನ ಥೇಟರು ಇದೆ. ಆಗ ಹುಬ್ಬಳ್ಳಿ, ಗದಗ, ರೋಣ, ನರಗುಂದ ಎಲ್ಲ ಒಂದೇ ಧಾರವಾಡ ಜಿಲ್ಲೆ. ನಾವು ಬೇರೆಯಾಗಿದ್ದು 1997ರಲ್ಲಿ. ಆ ಥೇಟರಿನಲ್ಲಿ ನಮಗೂ ಪಾಲಿದೆ.

ಮೊದಲು ಕಂಠದ ಕತೆಯಿಂದಲೇ ಶುರು ಮಾಡೋಣ. ಶಾಂತಾರಾಮ ಇನ್ನೂ ಮೀಸೆ ಮೂಡದ ಹುಡುಗನಾಗಿದ್ದಾಗ ಗೋವಿಂದರಾವ್ ಟೆಂಬೆ ಅವನನ್ನು ಗಂಧರ್ವ ನಾಟಕ ಮಂಡಳಿಗೆ ಸೇರಿಸಿದರು. ಟೆಂಬೆ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಆ ಕಾಲಕ್ಕೆ ದೊಡ್ಡ ಹೆಸರು, ಬಾಲಗಂಧರ್ವರ ಜೊತೆ ಕಂಪನಿ ಕಟ್ಟಿದವರು. ಬಾಲಗಂಧರ್ವರು ಸೀರೆಯುಟ್ಟು ರಂಗಕ್ಕೆ ಬಂದು ಒಂದು ಪದ ಎತ್ತಿಕೊಂಡರೆ ಜನ ಮತ್ತೆ ಮತ್ತೆ ‘ಒನ್ಸ್ ಮೋರ್’ ಅನ್ನುತ್ತ ರಾತ್ರಿ ಬೆಳಗು ಮಾಡುತ್ತಿದ್ದರು. ಕತೆ ನಿಂತಲ್ಲೇ ನಿಲ್ಲುತ್ತಿತ್ತು, ಹಾಡು ಮಾತ್ರ ಮುಂದೆ ಹೋಗುತ್ತಿತ್ತು. ಆ ಕಂಪನಿಯಲ್ಲಿ ಶಾಂತಾರಾಮ ಇದ್ದದ್ದು ಸ್ವಲ್ಪ ಕಾಲ ಮಾತ್ರ. ಅಷ್ಟರೊಳಗೆ ಪರದೆಯ ಹಿಂದೆ ನಿಂತು ಅವನು ಒಂದು ಸಂಗತಿಯನ್ನಂತೂ ಕಂಡಿರಬೇಕು: ರಂಗದ ಮೇಲೆ ರಾಜನಾಗಬೇಕಾದರೆ ಗಂಟಲು ಬೇಕು.

ಆಮೇಲೆ ಮನೆಯವರು ಹೊಟ್ಟೆಪಾಡಿಗೆ ಹುಬ್ಬಳ್ಳಿಗೆ ಬಂದರು. 1910ರ ದಶಕದ ಕೊನೆಯ ವರ್ಷಗಳು. ಹುಬ್ಬಳ್ಳಿ ಆಗ ಎಂ. ಎಸ್. ಎಂ. ರೈಲ್ವೆಯ ಊರು, ಹತ್ತಿ ಬೇಲುಗಳು, ಗಿರಣಿ ಭೋಂಗಾ, ರೈಲ್ವೆ ವರ್ಕ್‌ಶಾಪು. ಹೊಳೆಆಲೂರು ಸ್ಟೇಶನ್ನಿನಲ್ಲಿ ಮೀಟರ್‌ಗೇಜ್ ಗಾಡಿ ಹತ್ತಿ ಗದಗಿನಲ್ಲಿ ಬದಲಾಯಿಸಿ ಹೋದರೆ ನಮ್ಮ ಭಾಗದ ಎರಿ ಹೊಲದ ಹತ್ತಿ ಹೋಗುತ್ತಿದ್ದ ಪೇಟೆಯೇ ಅದು. ಶಾಂತಾರಾಮ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಲು ಸೇರಿದ. ಹಗಲೆಲ್ಲ ಕಬ್ಬಿಣ, ಎಣ್ಣೆ, ಸುತ್ತಿಗೆ. ಸಂಜೆಯಾದರೆ ನ್ಯೂ ಡೆಕ್ಕನ್ ಸಿನೆಮಾ ಎಂಬ ತಗಡಿನ ಷೆಡ್ಡಿನಲ್ಲಿ ಸಣ್ಣಪುಟ್ಟ ಕೆಲಸ. ಬಾಗಿಲು ಕಾಯುವುದೂ ಅದರಲ್ಲಿ ಒಂದು.

ನನ್ನ ಮಾತು ಇಲ್ಲಿ ಸ್ವಲ್ಪ ನಿಲ್ಲುತ್ತದೆ. ಬಾಗಿಲು ಕಾಯುವವನ ಜಾಗ ಎಂಥದ್ದು ಅಂತ ನೋಡಿ. ಚಿಕ್ಕಂದಿನಲ್ಲಿ ಸುಗ್ಗಿ ಮುಗಿದ ಜೋಳದ ಹೊಲದಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬೀಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಮುಂದೆ ನೆಲ, ಹಿಂದೆ ಬೆಂಚು, ನಡುವೆ ಬೆಳಕಿನ ಒಂದು ಉದ್ದನೆ ಬಾವುಟ, ಅದರೊಳಗೆ ಬೀಡಿ ಹೊಗೆ ಸುರುಳಿ ಸುರುಳಿ. ನಾವೆಲ್ಲ ಪರದೆಯ ಕಡೆ ಮುಖ ಮಾಡಿ ಕೂತರೆ ಡೇರೆಯ ಬಾಯಲ್ಲಿ ಕೂತ ಬಾಗಿಲವನು ಮಾತ್ರ ನಮ್ಮನ್ನು ನೋಡುತ್ತಿದ್ದ. ಚಿತ್ರ ಅವನಿಗೆ ಬಾಯಿಪಾಠ. ದಿನಾ ಹೊಸದಾಗುತ್ತಿದ್ದದ್ದು ಜನರ ಮುಖ. ನಗು ಬರುವ ಜಾಗಕ್ಕೆ ಇನ್ನೂ ಎರಡು ಕ್ಷಣ ಇರುವಾಗಲೇ ಅವನು ನಮ್ಮ ಕಡೆ ತಿರುಗುತ್ತಿದ್ದ. ಈಗ ನಗುತ್ತಾರೆ ಅಂತ ಅವನಿಗೆ ಗೊತ್ತು. ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿಯುವ ಕ್ಷಣವೂ ಅವನಿಗೆ ಗೊತ್ತು. ಹುಬ್ಬಳ್ಳಿಯ ತಗಡಿನ ಷೆಡ್ಡಿನಲ್ಲಿ ಹದಿನಾರು ಹದಿನೇಳರ ಶಾಂತಾರಾಮ ಕೂತದ್ದು ಇಂಥ ಜಾಗದಲ್ಲಿ. ಪರದೆ ಒಂದು ಕಣ್ಣಿಗೆ, ಜನ ಇನ್ನೊಂದು ಕಣ್ಣಿಗೆ. ನಟನ ಶಾಲೆ ಅಂತ ಒಂದಿದ್ದರೆ ಅದು ಇದೇ ಅಂತ ನಾನು ನಂಬಿದ್ದೇನೆ. ಇದು ನನ್ನ ಊಹೆಯೇ ಹೌದು, ಆದರೆ ಆತನ ಮುಂದಿನ ಕೆಲಸವನ್ನೆಲ್ಲ ನೋಡಿದ ಮೇಲೆ ಬಿಡಲಾರದ ಊಹೆ.

ಆ ಷೆಡ್ಡುಗಳಲ್ಲಿ ಓಡುತ್ತಿದ್ದದ್ದು ಏನು? ಅಮೆರಿಕದ ಹೊಡೆದಾಟದ ಸೀರಿಯಲ್ಲುಗಳು, ಅವುಗಳ ಜೊತೆಗೆ ದಾದಾಸಾಹೇಬ್ ಫಾಲ್ಕೆಯವರ ಪುರಾಣ ಚಿತ್ರಗಳು. 1913ರಲ್ಲಿ ‘ರಾಜಾ ಹರಿಶ್ಚಂದ್ರ’, 1917ರಲ್ಲಿ ‘ಲಂಕಾದಹನ’. ಲಂಕಾದಹನದಲ್ಲಿ ರಾಮನೂ ಸಾಳುಂಕೆ ಎಂಬ ನಟನೇ, ಸೀತೆಯೂ ಅವನೇ. 1919ರ ‘ಕಾಲಿಯಾ ಮರ್ದನ’ ಇವತ್ತಿಗೂ ಉಳಿದಿರುವ ಚಿತ್ರ. ಅದರ ಆರಂಭದಲ್ಲಿ ಕತೆಯೇ ಇಲ್ಲ. ಕೃಷ್ಣನ ಪಾತ್ರ ಮಾಡಿದ ಫಾಲ್ಕೆಯವರ ಏಳು ವರ್ಷದ ಮಗಳು ಮಂದಾಕಿನಿಯ ಮುಖ ಮಾತ್ರ ಕಾಣುತ್ತದೆ. ಆ ಹುಡುಗಿ ಒಂದಾದ ಮೇಲೊಂದು ಭಾವವನ್ನು ಮುಖದ ಮೇಲೆ ತಂದು ತೋರಿಸುತ್ತಾಳೆ. ನೋಡಿ, ಇದು ದನಿಯ ನೆರವಿಲ್ಲದ ನಟನೆ ಅಂತ ಫಾಲ್ಕೆ ಜನರಿಗೆ ಮೊದಲೇ ಹೇಳಿಬಿಡುತ್ತಾರೆ. ಹಾಡಿಗೆ ಮನಸೋತ ನಾಡಿನಲ್ಲಿ ಹಾಗೆ ಹೇಳುವ ಅಗತ್ಯವೂ ಇತ್ತು.

ಮೂಕಿ ಅಂದರೆ ಥೇಟರಿನಲ್ಲಿ ಸದ್ದೇ ಇರಲಿಲ್ಲ ಅಂತ ತಿಳಿಯಬೇಡಿ. ಪರದೆಯ ಪಕ್ಕ ತಬಲಾ, ಪೆಟ್ಟಿಗೆ. ನಡುನಡುವೆ ಬರುವ ಬರಹವನ್ನು ಅಕ್ಷರ ಬಲ್ಲವನೊಬ್ಬ ಗಟ್ಟಿಯಾಗಿ ಓದಿ ತನ್ನ ಭಾಷೆಯಲ್ಲಿ ಹೇಳುವುದು ದೇಶದ ತುಂಬ ರೂಢಿ. ಮರಾಠಿ ನಾಟಕ ಹುಬ್ಬಳ್ಳಿಗೆ ಬಂದರೆ ಮರಾಠಿ ಬಲ್ಲವರಿಗೆ, ಪಾರ್ಸಿ ಕಂಪನಿ ಬಂದರೆ ಹಿಂದುಸ್ತಾನಿ ಬಲ್ಲವರಿಗೆ. ಮೂಕಿ ಬಂದರೆ ಎಲ್ಲರಿಗೂ. ಹತ್ತಿ ಮಾರಿ ಗಾಡಿ ಬಿಟ್ಟು ಬಂದ ರೈತನಿಗೆ ಪರದೆಯ ಮೇಲಿನ ಕೃಷ್ಣ ಕನ್ನಡದವನೇ. ಒಂದು ಪೀಳಿಗೆಯಷ್ಟು ಕಾಲ ನಟನಿಗೆ ಭಾಷೆಯ ಗಡಿ ಇರಲಿಲ್ಲ ಅನ್ನುವುದನ್ನು ಇವತ್ತು ನಾವು ಮರೆತಿದ್ದೇವೆ.

1920ರಲ್ಲಿ ಸೋದರಸಂಬಂಧಿ ಬಾಬುರಾವ್ ಪೆಂಢಾರಕರ್ ಶಾಂತಾರಾಮನನ್ನು ಕೊಲ್ಹಾಪುರದ ಮಹಾರಾಷ್ಟ್ರ ಫಿಲ್ಮ್ ಕಂಪನಿಗೆ ಕರೆದುಕೊಂಡು ಹೋದರು. ಅದು ಬಾಬುರಾವ್ ಪೇಂಟರರ ಕಂಪನಿ. ಪೇಂಟರ್ ಹೆಸರಿಗೆ ತಕ್ಕಂತೆ ಚಿತ್ರಕಾರರು, ನಾಟಕದ ಪರದೆ ಬರೆದವರು. ಚಲನಚಿತ್ರದ ಹುಚ್ಚು ಹಿಡಿದು ಸಹೋದ್ಯೋಗಿಗಳ ಜೊತೆ ಕೂತು ತಮ್ಮ ಕ್ಯಾಮೆರಾವನ್ನು ತಾವೇ ಕಟ್ಟಿಕೊಂಡವರು. ಅವರ ಮೊದಲ ಚಿತ್ರ ‘ಸೈರಂಧ್ರಿ’ಯಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳೇ ಬಂದರು. ಕೀಚಕನ ವಧೆಯನ್ನು ನೋಡಿ ಜನ ಚೀರಿದರು. ಟಿಳಕರು ಪೇಂಟರರನ್ನು ಸಿನೆಮಾ ಕೇಸರಿ ಅಂದರು.

ಆ ಕಂಪನಿಯಲ್ಲಿ ನಟ ಅನ್ನುವ ಬೇರೆ ಜಾತಿ ಇರಲಿಲ್ಲ. ಬೆಳಗ್ಗೆ ಅಂಗಳ ಗುಡಿಸಿದವನೇ ಮಧ್ಯಾಹ್ನ ಮುಖಕ್ಕೆ ಬಣ್ಣ ಬಳಿದುಕೊಂಡು ದೇವರಾಗುತ್ತಿದ್ದ, ರಾತ್ರಿ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದ. ವರ್ಕ್‌ಶಾಪಿನಲ್ಲಿ ಕೈ ಪಳಗಿಸಿಕೊಂಡಿದ್ದ ಶಾಂತಾರಾಮನಿಗೆ ಇದು ಒಗ್ಗಿತು. 1921ರಲ್ಲಿ ‘ಸುರೇಖಾ ಹರಣ’ದಲ್ಲಿ ಕೃಷ್ಣನಾಗಿ ಅವನು ಮೊದಲ ಸಲ ಪರದೆಗೆ ಬಂದ. ಬಾಗಿಲಲ್ಲಿ ಕೂತು ಯಾರ ಮುಖಗಳನ್ನು ಓದಿದ್ದನೋ ಈಗ ಅವರ ಎದುರಿಗೇ ನಿಂತ.

ಅಂದಿನ ಬಣ್ಣದ ವಿಷಯ ಸ್ವಲ್ಪ ಹೇಳುತ್ತೇನೆ. ಆಗಿನ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ನೀಲಿ ಬೆಳ್ಳಗೆ, ಕೆಂಪು ಕರ್ರಗೆ. ಹಣೆಯ ಕುಂಕುಮ ಮಸಿಯ ಬೊಟ್ಟಿನಂತೆ ಬೀಳುತ್ತಿತ್ತು. ಎಲೆಅಡಿಕೆ ಹಾಕಿದ ಬಾಯಿ ತೆರೆದರೆ ಕಪ್ಪು ಗವಿ. ಬಿಸಿಲಿಗೆ ಕೆಂಪಾದ ನಮ್ಮ ರೈತನ ಕೆನ್ನೆ ಇದ್ದಿಲಾಗುತ್ತಿತ್ತು. ಅದಕ್ಕೇ ಮುಖಕ್ಕೆ ದಪ್ಪನೆ ಬಿಳಿ ಬಳಿದು ಕಣ್ಣು, ಹುಬ್ಬು, ತುಟಿಗಳನ್ನು ಹೊಸದಾಗಿ ಬರೆಯಬೇಕು. ಬೆಳಕಿಗೆ ಸೂರ್ಯನೇ ಗತಿ. ಮೇಲೆ ಬಿಳಿ ಬಟ್ಟೆ ಕಟ್ಟಿ ಬಿಸಿಲನ್ನು ಸೋಸಿಕೊಳ್ಳಬೇಕು. ಪೇಂಟರ್ 1923ರ ‘ಸಿಂಹಗಡ’ದಲ್ಲಿ ಕೃತಕ ದೀಪ ಹಾಕಿ ರಾತ್ರಿಯನ್ನು ರಾತ್ರಿಯಂತೆಯೇ ತೋರಿಸಿದ್ದು ಅವತ್ತಿಗೆ ದೊಡ್ಡ ಸಾಹಸ. ಕ್ಯಾಮೆರಾದ ಹಿಡಿಕೆಯನ್ನು ಕೈಯಲ್ಲೇ ತಿರುಗಿಸುವುದು, ಸೆಕೆಂಡಿಗೆ ಸುಮಾರು 16 ಚಿತ್ರ. ತಿರುಗಿಸುವವನ ಕೈ ದಣಿದರೆ ಪರದೆಯ ಮೇಲೆ ನಟನ ನಡಿಗೆಯೇ ಬದಲಾಗುತ್ತಿತ್ತು. ತನ್ನ ಹೆಜ್ಜೆ ಇನ್ನೊಬ್ಬನ ಮುಂಗೈಯಲ್ಲಿದೆ ಅಂತ ಗೊತ್ತಿದ್ದೂ ನಟ ಅಳಬೇಕು, ನಗಬೇಕು, ಕಣ್ಣಿಗೆ ಬಿಸಿಲು ಚುಚ್ಚುತ್ತಿದ್ದರೂ ರೆಪ್ಪೆ ಬಡಿಯಬಾರದು.

ಈಗ 1925ಕ್ಕೆ ಬರುತ್ತೇನೆ. ನಾನು ಇವತ್ತು ಇಲ್ಲಿ ನಿಂತಿರುವುದೇ ಆ ವರ್ಷದ ಒಂದು ಚಿತ್ರಕ್ಕಾಗಿ. ಹೆಸರು ‘ಸಾವಕಾರಿ ಪಾಶ’, ಸಾಹುಕಾರನ ಉರುಳು. ಕತೆ ಇಷ್ಟು. ಬಡ ರೈತನೊಬ್ಬನ ಭೂಮಿಯನ್ನು ಲೇವಾದೇವಿಯವನು ಮೋಸದ ಕಾಗದದಿಂದ ಕಿತ್ತುಕೊಳ್ಳುತ್ತಾನೆ. ರೈತ ಊರು ಬಿಟ್ಟು ಪಟ್ಟಣಕ್ಕೆ ಹೋಗಿ ಗಿರಣಿಯ ಕೂಲಿಯಾಗುತ್ತಾನೆ. ದೇವರು, ರಾಕ್ಷಸರು, ರಾಜರು ತುಂಬಿದ್ದ ಪರದೆಗೆ ಮೊದಲ ಸಲ ಹರಿದ ಧೋತರದ ಮನುಷ್ಯ ಬಂದ. ಆ ತರುಣ ರೈತನ ಪಾತ್ರ ಶಾಂತಾರಾಮರದು. ಕಿರೀಟವಿಲ್ಲ, ಕೊಳಲಿಲ್ಲ, ಜನ ಕೈಮುಗಿಯುವ ಹೆಸರಿಲ್ಲ. ಇರುವುದು ಬೆನ್ನು, ಭುಜ, ಖಾಲಿ ಕೈ. ಹಗಲು ಕಬ್ಬಿಣದ ಜೊತೆ ಗುದ್ದಾಡಿ ಸಂಜೆ ದಣಿದು ಬಂದ ಹುಬ್ಬಳ್ಳಿಯ ಹುಡುಗನಿಗೆ ಕೂಲಿಯ ಭುಜ ಹೇಗೆ ಬಾಗುತ್ತದೆ ಅಂತ ಯಾರೂ ಕಲಿಸಬೇಕಾಗಿರಲಿಲ್ಲ. ಚಿತ್ರ ದುಡ್ಡು ತರಲಿಲ್ಲ. ಜನರಿಗೆ ಇನ್ನೂ ದೇವರೇ ಬೇಕಿದ್ದರು.

ಆ ಕತೆ ನಮ್ಮದು ಅಂತ ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮಳೆ ತಪ್ಪಿದರೆ ಹೊಲ ಅಡವಿಡುವ ಸೀಮೆ ನಮ್ಮದು. ಹತ್ತಿಯ ಧಾರಣೆ ಬಿದ್ದ ವರ್ಷ ಯಾರ ಮನೆಯ ಪತ್ರ ಯಾರ ಪೆಟ್ಟಿಗೆಗೆ ಹೋಯಿತು ಅನ್ನುವುದನ್ನು ಪ್ರತಿ ಓಣಿಯಲ್ಲೂ ಹೇಳುವವರಿದ್ದಾರೆ. ಗಜೇಂದ್ರಗಡದ ನೇಕಾರರನ್ನು ಕೇಳಿ, ನೂಲಿನ ಸಾಲದ ಲೆಕ್ಕ ಅವರಿಗೆ ಗೊತ್ತು. ಮಲಪ್ರಭಾ ನೀರು ಹೊಲಕ್ಕೆ ಬರುವ ಮೊದಲೇ ಬೆಟರ್‌ಮೆಂಟ್ ಲೆವಿ ಎಂಬ ಕರದ ನೋಟೀಸು ಬಂದಾಗ ನರಗುಂದದ ರೈತ ಬಂಡಾಯದಲ್ಲಿ ಏನಾಯಿತು ಅನ್ನುವುದನ್ನು 1980ರ ಜುಲೈ 21ರ ವೀರಗಲ್ಲು ಇವತ್ತಿಗೂ ಹೇಳುತ್ತಿದೆ. ಸಾಹುಕಾರ ಬೇರೆ, ಸರಕಾರ ಬೇರೆ ಅನ್ನಬಹುದು. ನೋಟೀಸು ಹಿಡಿದ ರೈತನ ಕೈ ಮಾತ್ರ ಒಂದೇ ತರ ನಡುಗುತ್ತದೆ. ಆ ಕೈಯನ್ನು 1925ರಲ್ಲಿ, ಒಂದು ಮಾತೂ ಇಲ್ಲದೆ, ಪರದೆಯ ಮೇಲೆ ತಂದವರು ಶಾಂತಾರಾಮ್.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1927ರಲ್ಲಿ ‘ನೇತಾಜಿ ಪಾಲ್ಕರ್’ ಮೂಲಕ ಶಾಂತಾರಾಮ್ ನಿರ್ದೇಶಕರಾದರು. 1929ರ ಜೂನ್ 1ರಂದು ದಾಮ್ಲೆ, ಫತ್ತೇಲಾಲ್, ಧಾಯಬರ್, ಸೀತಾರಾಮ ಕುಲಕರ್ಣಿ ಅವರ ಜೊತೆ ಸೇರಿ ಕೊಲ್ಹಾಪುರದಲ್ಲೇ ಪ್ರಭಾತ್ ಕಂಪನಿ ಕಟ್ಟಿದರು. 1930ರ ‘ಉದಯಕಾಲ’ದಲ್ಲಿ ನಿರ್ದೇಶಕರೂ ಅವರೇ, ಶಿವಾಜಿಯೂ ಅವರೇ. ಆ ಚಿತ್ರಕ್ಕೆ ಮೊದಲಿಟ್ಟ ಹೆಸರಿನಲ್ಲಿ ಸ್ವರಾಜ್ಯ ಅನ್ನುವ ಪದ ಇತ್ತು. ಬ್ರಿಟಿಷ್ ಸೆನ್ಸಾರು ಆ ಒಂದು ಪದಕ್ಕೆ ಅಂಜಿತು, ಹೆಸರು ಬದಲಾಗಬೇಕಾಯಿತು. ದನಿಯಿಲ್ಲದ ಚಿತ್ರದಲ್ಲಿ ಬರೆದ ಒಂದು ಪದದ ತೂಕ ಎಷ್ಟು ಅಂತ ಇದರಿಂದ ತಿಳಿಯುತ್ತದೆ. ಉಡುಪಿಗೆ, ಕತ್ತಿಗೆ, ಕೋಟೆಯ ಕಡೆ ಎತ್ತಿದ ಆ ಕಣ್ಣಿಗೆ ಮಾತ್ರ ಸೆನ್ಸಾರಿನವರಿಗೆ ಬೇರೆ ಹೆಸರಿಡಲಾಗಲಿಲ್ಲ.

1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ಮಾತಾಡಿತು. ಒಂದೇ ಏಟಿಗೆ ಕಂಠ ತನ್ನ ಗಾದಿಗೆ ಮರಳಿತು. ಕುದುರೆ ಹತ್ತಿ ಕತ್ತಿ ಬೀಸಿ ಜನರ ಕಣ್ಮಣಿಗಳಾಗಿದ್ದ ಎಷ್ಟೋ ನಟರು ಹಾಡಲು ಬರದೆ, ಮಾತು ಶುದ್ಧವಿಲ್ಲದೆ ಮೂಲೆ ಸೇರಿದರು. ಅವರ ಬಗ್ಗೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಪ್ರಭಾತ್‌ನ ಮೊದಲ ಮಾತಿನ ಚಿತ್ರ 1932ರ ‘ಅಯೋಧ್ಯೆಚಾ ರಾಜಾ’. ಹರಿಶ್ಚಂದ್ರನ ಪಾತ್ರಕ್ಕೆ ಹಾಡಬಲ್ಲವರೇ ಬೇಕಲ್ಲ? ಬಂದವರು ಗೋವಿಂದರಾವ್ ಟೆಂಬೆ! ಹುಡುಗ ಶಾಂತಾರಾಮನನ್ನು ಗಂಧರ್ವ ಮಂಡಳಿಗೆ ಕೈಹಿಡಿದು ಕರೆದೊಯ್ದ ಅದೇ ಟೆಂಬೆ. ಈಗ ಹುಡುಗ ಕ್ಯಾಮೆರಾದ ಪಕ್ಕದಲ್ಲಿ, ಗುರುಗಳು ಅದರ ಎದುರಿಗೆ. ಶಾಂತಾರಾಮ್ ತಾವು ಬಣ್ಣ ಹಚ್ಚುವುದನ್ನು ಬಹುಕಾಲ ಬಿಟ್ಟರು.

ಇಲ್ಲಿ ನಮ್ಮ ಕನ್ನಡದ ಎಳೆಯೊಂದು ಸೇರುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಚಿತ್ರೀಕರಣ ನಡೆದದ್ದು ಅದೇ ಕೊಲ್ಹಾಪುರದ ಒಂದು ಸ್ಟುಡಿಯೋದಲ್ಲಿ. ನಿರ್ದೇಶಿಸಿದ ವೈ. ವಿ. ರಾವ್ ಮದರಾಸಿನ ಮೂಕಿ ಚಿತ್ರಗಳಲ್ಲಿ ನಟರಾಗಿ ಪಳಗಿದವರು. ಬೆಂಗಳೂರಿನಲ್ಲಿ ಗುಬ್ಬಿ ವೀರಣ್ಣನವರಿಗಾಗಿ ‘ಹರಿಮಾಯಾ’ ಎಂಬ ಮೂಕಿ ಮಾಡಿಕೊಟ್ಟವರು. ಕನ್ನಡ ಪರದೆ ಮೊದಲ ಸಲ ಬಾಯಿ ತೆರೆದಾಗ ಅದಕ್ಕೆ ನಿಲ್ಲುವುದನ್ನು, ನಡೆಯುವುದನ್ನು ಹೇಳಿಕೊಟ್ಟದ್ದು ಮೂಕಿಯಲ್ಲಿ ಪಳಗಿದ ಕೈ. ಪ್ರಭಾತ್‌ಗೂ ನಮ್ಮ ಕಡೆಯ ಕೊಡುಗೆ ಕಮ್ಮಿಯಲ್ಲ. ಅವರ ತುಕಾರಾಮ ಆದ ವಿಷ್ಣುಪಂತ್ ಪಾಗನೀಸ್ ಚಿಕ್ಕೋಡಿಯಲ್ಲಿ ಹುಟ್ಟಿದವರು. 1939ರ ‘ಮಾಣೂಸ್’ ಚಿತ್ರದ ನಾಯಕಿ ಶಾಂತಾ ಹುಬ್ಳೀಕರ್ ಹುಬ್ಬಳ್ಳಿ ಬಳಿಯ ಅದರಗುಂಚಿಯವರು. ಆ ಚಿತ್ರದ ನಿರ್ದೇಶಕರು ಹುಬ್ಬಳ್ಳಿಯ ಬಾಗಿಲಲ್ಲಿ ಕೂತಿದ್ದ ಅದೇ ಹುಡುಗ.

ಶಾಂತಾರಾಮ್ ಮತ್ತೆ ದೊಡ್ಡ ಪಾತ್ರದಲ್ಲಿ ಪರದೆಗೆ ಬಂದದ್ದು 1946ರಲ್ಲಿ, ಸೊಲ್ಲಾಪುರದ ಡಾಕ್ಟರ್ ಕೋಟ್ನೀಸರಾಗಿ. 1957ರಲ್ಲಿ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರದ ಜೈಲರ್ ಆಗಿ. ಆರು ಜನ ಕೊಲೆಗಾರರನ್ನು ಬಯಲಿಗೆ ಕರೆತಂದು ಬೇಸಾಯಕ್ಕೆ ಹಚ್ಚುವ ಆ ಜೈಲರ್ ಅವರನ್ನು ಹಿಡಿದಿಡುವುದು ಮುಖ್ಯವಾಗಿ ನೋಟದಿಂದ. ಎರಡು ಕಣ್ಣು ಅಂತ ಹೆಸರಿನಲ್ಲೇ ಇದೆ. ಮೂಕಿ ಕಾಲದ ನಟ ಐವತ್ತು ದಾಟಿದ ಮೇಲೆ ಆ ಎರಡು ಕಣ್ಣಾಗಿ ಹಿಂದಿರುಗಿದ. ಅದೇ ಚಿತ್ರೀಕರಣದಲ್ಲಿ ಹೋರಿಯ ಜೊತೆ ಸೆಣಸುವಾಗ ಏಟು ಬಿದ್ದು ಕೆಲಕಾಲ ದೃಷ್ಟಿಯೇ ಹೋಗಿತ್ತು. ಬರ್ಲಿನ್ನಿನಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಬಂತು, 1985ರಲ್ಲಿ ಫಾಲ್ಕೆ ಪ್ರಶಸ್ತಿಯೂ ಬಂತು. ಯಾರ ಚಿತ್ರಗಳನ್ನು ಹುಬ್ಬಳ್ಳಿಯ ಷೆಡ್ಡಿನಲ್ಲಿ ನೋಡಿದ್ದರೋ ಆ ಹಿರಿಯನ ಹೆಸರಿನ ಪ್ರಶಸ್ತಿ. 1990ರ ಅಕ್ಟೋಬರ್ 30ರಂದು ಅವರು ತೀರಿಕೊಂಡರು.

ಆದರೆ 1925ರ ಆ ರೈತ ಇಂದು ನೋಡಲು ಸಿಗುವುದಿಲ್ಲ. ಭಾರತದಲ್ಲಿ ತಯಾರಾದ ಸುಮಾರು 1300 ಮೂಕಿ ಚಿತ್ರಗಳಲ್ಲಿ ಉಳಿದಿರುವುದು ಕೆಲವೇ ಕೆಲವು, ಅವೂ ತುಂಡು ತುಂಡು. ಆಗಿನ ಫಿಲ್ಮು ನೈಟ್ರೇಟಿನದು. ಬೆಂಕಿ ಕಂಡರೆ ಭಗ್ಗನೆ ಹತ್ತುವಂಥದ್ದು, ಬೆಂಕಿ ಕಾಣದಿದ್ದರೂ ಡಬ್ಬಿಯೊಳಗೇ ಕೊಳೆತು ಪುಡಿಯಾಗುವಂಥದ್ದು. ಮಾತಿನ ಚಿತ್ರ ಬಂದ ಮೇಲೆ ಹಳೆಯ ಸುರುಳಿಯಲ್ಲಿರುವ ಬೆಳ್ಳಿಯ ಆಸೆಗೆ ಕರಗಿಸಿದ್ದೂ ಉಂಟು. ಈ ಸಭೆಗೆ ಒಂದು ತುಣುಕು ತೋರಿಸಬೇಕೆಂಬ ನನ್ನ ಆಸೆ ಆಸೆಯಾಗಿಯೇ ಉಳಿಯಿತು.

ಉಳಿದಿರುವುದು ನೋಡಿದವರ ನೆನಪು. ಮುಂದೆ ಮುಂಬಯಿಯಲ್ಲಿ ದೊಡ್ಡ ನಿರ್ಮಾಪಕರಾದ ಜೆ. ಬಿ. ಎಚ್. ವಾಡಿಯಾ ಆ ಮೂಕಿಯನ್ನು ತರುಣರಾಗಿದ್ದಾಗ ನೋಡಿದ್ದರು. ಎಷ್ಟೋ ವರ್ಷಗಳ ಮೇಲೆ ಬರೆಯುವಾಗ ಅದು ಅವರಿಗೆ ಮಸುಕಾಗಿ ಮಾತ್ರ ನೆನಪಿತ್ತು. 1936ರಲ್ಲಿ ಬಾಬುರಾವ್ ಪೇಂಟರ್ ಅದೇ ಕತೆಯನ್ನು ಮಾತು, ಸದ್ದು ಎಲ್ಲ ಹಾಕಿ ಮತ್ತೆ ತೆಗೆದರು. ವಾಡಿಯಾ ಮರೆಯದೆ ಉಳಿಸಿಕೊಂಡದ್ದು ಆ ಮಾತಿನ ಚಿತ್ರದ ಒಂದು ದೃಶ್ಯವನ್ನು. ಮಬ್ಬುಗತ್ತಲೆಯಲ್ಲಿ ದೂರದಿಂದ ಕಾಣುವ ರೈತನ ಪಾಳು ಗುಡಿಸಲು, ಜೊತೆಗೆ ಒಂದು ನಾಯಿಯ ಊಳು. ಮೊದಲಿನ ಮೂಕಿಯಲ್ಲಿ ಅಂಥ ದನಿ ಥೇಟರಿನಲ್ಲಿ ಯಾರ ಕಿವಿಗೂ ಬಿದ್ದಿರಲಾರದು. 1936ರಲ್ಲಿ ಬಾಬುರಾವ್ ಪೇಂಟರ್ ಅದೇ ಕತೆಯನ್ನು ಮಾತು, ಸದ್ದು ಎಲ್ಲ ಹಾಕಿ ಮತ್ತೆ ತೆಗೆದರು.